ಹ್ಯಾಂಡಲ್ ಲಾಕ್ ಹಾಕಿದರೆ ಬೈಕ್ ಸೇಫ್ ಅಲ್ವಾ?

ಇಲ್ಲ, ಅದೊಂದನ್ನೇ ನಂಬಬೇಡಿ. ಒಳಗೆ ಹ್ಯಾಂಡಲ್ ತಿರುಗದಂತೆ ತಡೆಯುವುದು ಒಂದು ಚಿಕ್ಕ ಲೋಹದ ಪಿನ್ ಅಷ್ಟೇ. ಉದ್ದನೆಯ ಹ್ಯಾಂಡಲ್ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ: ತುದಿಗೆ ಕೊಟ್ಟ ಬಲ ಪಿನ್ ಹತ್ತಿರ ಹಲವು ಪಟ್ಟು ಜಾಸ್ತಿಯಾಗುತ್ತದೆ. ಹಾಗಾಗಿ ಪಿನ್ ಮುರಿಯುವುದು ಕಷ್ಟವಲ್ಲ.

ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ಡಿಸ್ಕ್‌ಗೆ ಹಾಕುವ ಬೀಗ, ಚಕ್ರ ಉರುಳದಂತೆ ತಡೆಯುತ್ತದೆ, ಆದರೆ ಬೈಕನ್ನೇ ಎತ್ತಿಕೊಂಡು ಹೋಗುವುದನ್ನು ತಡೆಯುವುದಿಲ್ಲ. (ಅದನ್ನು ತೆಗೆಯದೆ ಹೊರಟರೆ ನೀವೇ ಬೀಳುತ್ತೀರಿ. ನೆನಪಿಗೆ ಹ್ಯಾಂಡಲ್‌ಗೊಂದು ಬಣ್ಣದ ದಾರ ಕಟ್ಟಿ.)

ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ದಪ್ಪ, ಗಟ್ಟಿ ಉಕ್ಕಿನ ಚೈನ್‌ಗೆ. ಫ್ರೇಮ್ ಮೂಲಕ, ಆಗದಿದ್ದರೆ ಹಿಂದಿನ ಚಕ್ರದ ಮೂಲಕ ಹಾಯಿಸಿ, ನೆಲದಲ್ಲಿ ಭದ್ರವಾಗಿ ಹೂತ ಕಂಬಕ್ಕೆ ಬಿಗಿಯಿರಿ. ಚೈನ್ ನೆಲಕ್ಕೆ ತಾಗದಿರಲಿ. ತಾಗಿದರೆ ಕತ್ತರಿಸುವವನಿಗೆ ನೆಲವೇ ಆಸರೆಯಾಗುತ್ತದೆ.