ಮರೀಫೀಲ್ಡಿನಲ್ಲಿ ಸುಮ್ಮನೆ ನಿಂತಿದ್ದ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಮೆಸೇಜು ಎರಡು ಸಲ ಓದಿದೆ. ಧಾರವಾಡ ಬಿಟ್ಟು ಎಡಿನ್‌ಬರೊಗೆ ಬಂದು ಇನ್ನೂ ಐದು ತಿಂಗಳು. ಆಗಲೇ ಆಫೀಸಿನವರು ನಿನ್ನನ್ನು ಮರೀಫೀಲ್ಡಿಗೆ ರಗ್ಬಿ ನೋಡಲು ಕರೆದುಕೊಂಡು ಹೋಗಿದ್ದಾರೆ. ಆ ಟಿಕೆಟ್ ಸುಲಭಕ್ಕೆ ಸಿಗುವುದಲ್ಲ. ನೀನು ಅವರಿಗೆ ಹಿಡಿಸಿದ್ದೀಯ ಅಂತ ತಿಳಿದುಕೋ.

ನಿನ್ನ ಮಾತಲ್ಲೇ ಹೇಳುವುದಾದರೆ, ನೀನು ಕೇಳಿದ್ದು ಇಷ್ಟು: “ ಆಟಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ಹಾಡಿದರು. ‘ಗಾಡ್ ಸೇವ್ ದ ಕಿಂಗ್’ ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಬೇರೆ ಹಾಡು. ಸೋಮವಾರ ಊಟದ ಹೊತ್ತಿನಲ್ಲಿ ಸ್ಕಾಟ್ಲೆಂಡಿಗೆ ತಕ್ಕ ರಾಷ್ಟ್ರಗೀತೆ ಯಾವುದು ಅಂತ ಜೋರು ವಾದ. ಕೊನೆಗೆ ‘ನೀನೇನಂತೀಯ?’ ಅಂತ ನನ್ನ ಕಡೆ ತಿರುಗಿದರು. ನಾನು ಸುಮ್ನೆ ನಕ್ಕೆ. ಹೊರಗಿನವನಿಗೆ ಇದರಲ್ಲಿ ಮಾತಾಡೋಕೆ ಏನಿದೆ ಅಕ್ಕಾ?”

ಇದೆ ತಮ್ಮಾ, ಬೇಕಾದಷ್ಟಿದೆ. ನಾನಿಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಈ ವಾದ ನಾನು ಬಂದ ವರ್ಷವೂ ಇತ್ತು, ಈಗಲೂ ಇದೆ. ನನಗೂ ಇದರಲ್ಲಿ ಒಂದು ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ತಿಳಿಯಬೇಕಾದ್ದು, ಸ್ಕಾಟ್ಲೆಂಡಿಗೆ ಅಧಿಕೃತ ರಾಷ್ಟ್ರಗೀತೆ ಅಂತ ಒಂದು ಇಲ್ಲವೇ ಇಲ್ಲ. ‘ಗಾಡ್ ಸೇವ್ ದ ಕಿಂಗ್’ ಇಡೀ ಯುನೈಟೆಡ್ ಕಿಂಗ್‌ಡಮ್ಮಿನದು. ನಾಳೆ ನಿನಗೆ ಇಲ್ಲಿನ ಪೌರತ್ವ ಸಿಕ್ಕರೆ ಆ ಸಮಾರಂಭದಲ್ಲಿ ಅದನ್ನೇ ನುಡಿಸುತ್ತಾರೆ. ನನಗೂ ನುಡಿಸಿದ್ದರು, ಆಗ ಕಿಂಗ್ ಬದಲು ಕ್ವೀನ್ ಅಂತ ಇತ್ತು, ಅಷ್ಟೇ. ಆದರೆ ರಗ್ಬಿಯಲ್ಲಿ, ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ತಂಡ ಅದೇ ಹಾಡನ್ನು ತನ್ನದು ಅಂತ ಹಾಡುತ್ತದೆ. ಎದುರು ನಿಂತವರ ಹಾಡನ್ನೇ ನಾವೂ ಹಾಡಿ ಆಡುವುದು ಹೇಗೆ, ಅಲ್ವಾ? ಇನ್ನೊಂದು ಹಳೆಯ ಗಾಯವೂ ಇದೆ. 1745ರಲ್ಲಿ ಇಲ್ಲಿ ದಂಗೆ ಎದ್ದಾಗ, ಬಂಡೆದ್ದ ಸ್ಕಾಟರನ್ನು ಹೊಸಕಿಹಾಕು ಅನ್ನುವ ಒಂದು ಚರಣವನ್ನು ಆ ಹಾಡಿಗೆ ಸೇರಿಸಿ ಹಾಡಿದ್ದರು. ಅದು ಅಧಿಕೃತ ಪಾಠಕ್ಕೆ ಎಂದೂ ಸೇರಲಿಲ್ಲ, ಈಗ ಯಾರೂ ಹಾಡುವುದೂ ಇಲ್ಲ. ಆದರೂ ಜನ ಮರೆತಿಲ್ಲ.

ನೀನು ಕೇಳಿದ ಹಾಡು ‘ಫ್ಲವರ್ ಆಫ್ ಸ್ಕಾಟ್ಲೆಂಡ್’. ‘ದ ಕೋರೀಸ್’ ಅನ್ನುವ ಜಾನಪದ ಹಾಡುಗಾರರ ಜೋಡಿಯಲ್ಲಿ ಒಬ್ಬರಾದ ರಾಯ್ ವಿಲಿಯಮ್ಸನ್ 1960ರ ದಶಕದಲ್ಲಿ ಕಟ್ಟಿದ್ದು. 1314ರಲ್ಲಿ ಸ್ಟರ್ಲಿಂಗ್ ಹತ್ತಿರದ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡನ ಸೈನ್ಯವನ್ನು ಸೋಲಿಸಿದ ಕಥೆ ಅದರಲ್ಲಿದೆ. ಯಾವ ಸರ್ಕಾರವೂ ಅದನ್ನು ಆರಿಸಲಿಲ್ಲ. ರಗ್ಬಿ ಜನ ಹಾಡಿ ಹಾಡಿ ಮೇಲೆ ತಂದರು. 1990ರ ಮಾರ್ಚ್ 17ರಂದು ಅದೇ ಮರೀಫೀಲ್ಡಿನಲ್ಲಿ ಇಂಗ್ಲೆಂಡ್ ವಿರುದ್ಧ ನಿರ್ಣಾಯಕ ಪಂದ್ಯ. ಗೆದ್ದವರಿಗೆ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಆ ವರ್ಷದ ಟೂರ್ನಿಯ ಎಲ್ಲ ಪಂದ್ಯವನ್ನೂ ಗೆದ್ದ ಗೌರವ. ನಾಯಕ ಡೇವಿಡ್ ಸೋಲ್ ತನ್ನ ತಂಡವನ್ನು ಓಡಿಸಿಕೊಂಡು ಬರಲಿಲ್ಲ, ನಿಧಾನವಾಗಿ ನಡೆಸಿಕೊಂಡು ಬಂದ. ಜನ ಈ ಹಾಡು ಹಾಡಿದರು. ಸ್ಕಾಟ್ಲೆಂಡ್ 13–7ರಿಂದ ಗೆದ್ದಿತು. ಆ ದಿನದಿಂದ ರಗ್ಬಿಯಲ್ಲಿ ಈ ಹಾಡು ಗಟ್ಟಿಯಾಗಿ ನಿಂತಿತು. ವಿಲಿಯಮ್ಸನ್ ತೀರಿಕೊಂಡದ್ದೂ ಅದೇ ವರ್ಷ. 1997ರಲ್ಲಿ ಫುಟ್‌ಬಾಲಿನವರೂ ಇದನ್ನೇ ಒಪ್ಪಿದರು. ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮೊದಲು ‘ಸ್ಕಾಟ್ಲೆಂಡ್ ದ ಬ್ರೇವ್’ ನುಡಿಸುತ್ತಿದ್ದರು. 2010ರಲ್ಲಿ ಕ್ರೀಡಾಪಟುಗಳೇ ಮತ ಹಾಕಿ ಇದಕ್ಕೆ ಬದಲಾಯಿಸಿದರು. ಆ ವರ್ಷದ ಕ್ರೀಡೆ ನಡೆದದ್ದು ನಮ್ಮ ದೆಹಲಿಯಲ್ಲಿ. ಹಾಗಾಗಿ ಪದಕ ಕೊಡುವಾಗ ಈ ಹಾಡು ಮೊದಲು ಮೊಳಗಿದ್ದು ಭಾರತದ ನೆಲದಲ್ಲೇ. ಆಫೀಸಿನಲ್ಲಿ ಇದನ್ನು ಹೇಳು, ಅವರಿಗೆ ಖುಷಿಯಾಗುತ್ತದೆ.

ಮರೀಫೀಲ್ಡಿನಲ್ಲಿ ನೀನು ಒಂದು ಗಮನಿಸಿದೆಯಾ? ಮೊದಲ ಚರಣಕ್ಕೆ ಬ್ಯಾಗ್‌ಪೈಪ್ ಇರುತ್ತದೆ. ಎರಡನೆಯದಕ್ಕೆ ಪೈಪು ನಿಂತುಬಿಡುತ್ತದೆ. ಬರೀ ಜನರ ದನಿ. ನಾನು ಮೊದಲ ಸಲ ಹೋಗಿದ್ದು ಫೆಬ್ರವರಿಯಲ್ಲಿ, ಕೈಬೆರಳು ಸೆಟೆದುಕೊಳ್ಳುವ ಚಳಿ. ಪಕ್ಕದಲ್ಲಿ ಒಬ್ಬರು ಅಜ್ಜ, ಮೊಣಕಾಲು ಹಿಡಿದುಕೊಂಡು ಎದ್ದರು. ಪೈಪು ನಿಂತ ಕೂಡಲೇ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಹಾಡುವಾಗ ಅವರ ಬಾಯಿಂದ ಹಬೆ ಬರುತ್ತಿತ್ತು. ದನಿ ಒಡೆದಿತ್ತು. ಅವರು ಯಾರ ಕಡೆಯೂ ನೋಡಲಿಲ್ಲ. ನನಗೆ ಒಂದು ಪದವೂ ಗೊತ್ತಿರಲಿಲ್ಲ, ಆದರೂ ಗಂಟಲು ಕಟ್ಟಿತು. ಅಂಥ ಹಾಡನ್ನು ಹಗುರವಾಗಿ ಕಾಣುವ ಹಾಗಿಲ್ಲ.

ಹಾಗಂತ ಅದೇ ಇಡೀ ನಾಡಿಗೆ ತಕ್ಕ ಹಾಡಾ? ನನ್ನ ಪ್ರಕಾರ ಅಲ್ಲ. ಇಂಗ್ಲಿಷರನ್ನು ದ್ವೇಷಿಸುವ ಹಾಡು ಅಂತ ಕೆಲವರು ದೂರುತ್ತಾರೆ, ಅದು ಸರಿಯಲ್ಲ. ಆ ದಿನಗಳು ಕಳೆದುಹೋದವು, ಅಲ್ಲೇ ಇರಬೇಕು ಅಂತ ಹಾಡೇ ಹೇಳುತ್ತದೆ. ನನ್ನ ಅಡ್ಡಿ ಬೇರೆ. ಅದನ್ನು ನಮ್ಮ ಕಡೆಯ ಹಾಡುಗಳಿಂದಲೇ ವಿವರಿಸುತ್ತೇನೆ.

ನಿಮ್ಮ ಕಡೆಯವರೇ ಆದ ಗದಗಿನ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ನಿನಗೆ ಬಾಯಿಪಾಠ ಇರುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದು. ಆಗ ನಾಡು ಹರಿದು ಹಂಚಿಹೋಗಿತ್ತು. ಅದು ನಾಡು ಬೇಕು ಅಂತ ಕೇಳುವ ಹಾಡು. 1956ರಲ್ಲಿ ನಾಡು ಒಂದಾಯಿತು. 2004ರಲ್ಲಿ ನಾಡಗೀತೆ ಅಂತ ಸರ್ಕಾರ ಒಪ್ಪಿದ್ದು ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’. ಇದು ನಾಡಿನೊಳಗೆ ಎಲ್ಲರೂ ಹೇಗೆ ಬಾಳಬೇಕು ಅಂತ ಹೇಳುವ ಹಾಡು. ಮೊದಲ ಸಾಲಿನಲ್ಲೇ ದೊಡ್ಡ ದೇಶಕ್ಕೂ ನಮಗೂ ಏನು ಸಂಬಂಧ ಅನ್ನುವುದು ತೀರ್ಮಾನವಾಗಿದೆ: ಅದು ತಾಯಿ, ಇದು ಮಗಳು. ಆಮೇಲೂ ನಾವು ಜಗಳ ಆಡಿದ್ದು ಧಾಟಿಗೆ. ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವಥ್ ಅವರದೋ ಅಂತ. 2022ರಲ್ಲಿ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಸರ್ಕಾರ ಆದೇಶ ಮಾಡಬೇಕಾಯಿತು.

ಇಲ್ಲಿಯವರ ತೊಡಕು ಧಾಟಿಯದಲ್ಲ, ಆ ಮೊದಲ ಸಾಲಿನದು. 1707ರಿಂದ ಇಂಗ್ಲೆಂಡಿನ ಜೊತೆ ಒಂದೇ ಪಾರ್ಲಿಮೆಂಟು. 2014ರ ಸೆಪ್ಟೆಂಬರ್ 18ರಂದು ಬೇರೆ ದೇಶ ಆಗೋಣವಾ ಅಂತ ಮತ ಹಾಕಿದರು. ಸುಮಾರು ನೂರಕ್ಕೆ 55 ಜನ ಬೇಡ ಅಂದರು, 45 ಜನ ಬೇಕು ಅಂದರು. ನಾನು ಕೆಲಸ ಮಾಡುವ ಕಡೆ ಅಕ್ಕಪಕ್ಕದ ಡೆಸ್ಕಿನವರು ಆ ತಿಂಗಳು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ‘ಫ್ಲವರ್ ಆಫ್ ಸ್ಕಾಟ್ಲೆಂಡ್’ ಮತ್ತೆ ಎದ್ದು ಒಂದು ದೇಶವಾಗೋಣ ಅಂತ ಕರೆಯುತ್ತದೆ. ಅದು ಇವರ ‘ಉದಯವಾಗಲಿ’. ಬೇಡ ಅಂದವರೂ ಮೈದಾನದಲ್ಲಿ ಎದೆ ತುಂಬಿ ಹಾಡುತ್ತಾರೆ, ನಿಜ. ಆದರೆ ಶಾಲೆಯಲ್ಲಿ, ಪಾರ್ಲಿಮೆಂಟಿನಲ್ಲಿ, ನಮ್ಮಂಥವರು ಬಂದು ಸೇರುವ ದಿನ ಹಾಡಲು ಬಾಳುವೆಯ ಹಾಡು ಬೇಕು.

ಅಂಥ ಹಾಡು ಇವರ ಹತ್ತಿರ 230 ವರ್ಷದಿಂದ ಇದೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1795ರಲ್ಲಿ ಬರೆದ ‘ಎ ಮ್ಯಾನ್ಸ್ ಎ ಮ್ಯಾನ್ ಫಾರ್ ಆ ದಟ್’. ಏನೇ ಇರಲಿ, ಮನುಷ್ಯ ಮನುಷ್ಯನೇ ಅನ್ನುವುದು ಅದರ ಪಲ್ಲವಿ.

ನನಗೆ ಅದನ್ನು ಕಲಿಸಿದ್ದು ನನ್ನ ಮಗ. ಜನವರಿ ಬಂದರೆ ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಮಕ್ಕಳಿಗೆ ಸ್ಕಾಟ್ಸ್ ಭಾಷೆಯ ಪದ್ಯ ಬಾಯಿಪಾಠ ಮಾಡಿಸುತ್ತಾರೆ. ಅವನಿಗೆ ಆಗ ಒಂಬತ್ತು. ಒಂದು ಸಂಜೆ ನಾನು ಒಲೆ ಮುಂದೆ ಮುದ್ದೆ ತೊಳಸುತ್ತಿದ್ದೆ. ಅವನು ಅಡುಗೆಮನೆ ಟೇಬಲ್ಲಿನ ಮೇಲೆ ಹಾಳೆ ಹರಡಿಕೊಂಡು ಓದುತ್ತಿದ್ದವನು, ‘ಅಮ್ಮಾ, ಇಲ್ಲಿ ಗೌಡ್ ಅಂತ ಇದೆ. ನಮ್ಮ ತಾತನ ಹೆಸರಲ್ಲಿ ಇರೋ ಗೌಡನಾ?’ ಅಂದ. ನೀನು ಧಾರವಾಡದವನು, ನಾವು ಶ್ರೀರಂಗಪಟ್ಟಣ ತಾಲ್ಲೂಕಿನವರು, ನಮ್ಮ ಮನೆಯಲ್ಲಿ ಗೌಡ ಅಂದರೆ ತಾತ. ನಾನು ಕೋಲು ಹಿಡಿದುಕೊಂಡೇ ಬಂದು ನೋಡಿದೆ. ಸ್ಕಾಟ್ಸ್ ಭಾಷೆಯಲ್ಲಿ ‘ಗೌಡ್’ ಅಂದರೆ ಬಂಗಾರ. ಪದವಿ ಅನ್ನುವುದು ನಾಣ್ಯದ ಮೇಲೆ ಒತ್ತಿದ ಮುದ್ರೆ ಮಾತ್ರ, ಬಂಗಾರ ಅಂದರೆ ಮನುಷ್ಯನೇ ಅಂತ ಆ ಸಾಲು. ಅವನಿಗೆ ವಿವರಿಸಿ ಹೇಳಿದೆ. ಮುದ್ದೆ ತಳ ಹಿಡಿಯಿತು. ಆ ಸಾಲು ಮಾತ್ರ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಕೊನೆಯ ಚರಣದಲ್ಲಿ ಬರ್ನ್ಸ್, ಲೋಕದ ತುಂಬ ಮನುಷ್ಯ ಮನುಷ್ಯನಿಗೆ ಅಣ್ಣತಮ್ಮನಾಗುವ ಕಾಲ ಬಂದೇ ಬರುತ್ತದೆ ಅನ್ನುತ್ತಾನೆ. ನಮ್ಮ ಪಂಪ ಸಾವಿರ ವರ್ಷಕ್ಕೂ ಹಿಂದೆ ‘ಮನುಷ್ಯಜಾತಿ ತಾನೊಂದೆ ವಲಂ’ ಅಂದ. ಆ ಸಾಲು ಕೇಳಿ ಬೆಳೆದವರಿಗೆ ಬರ್ನ್ಸ್ ಪರಕೀಯ ಅನಿಸುವುದಿಲ್ಲ. ಅವನು ಏರ್‌ಶೈರಿನ ರೈತನ ಮಗ, ಉತ್ತು ಬಿತ್ತಿದವನು, 37 ವರ್ಷಕ್ಕೆ ತೀರಿಕೊಂಡ. ಒಂದು ಮಾತು ಮುಚ್ಚಿಡಬಾರದು. ಕಷ್ಟಕ್ಕೆ ಸಿಕ್ಕಿ 1786ರಲ್ಲಿ ಅವನು ಜಮೈಕಾಗೆ ಹೊರಟಿದ್ದ, ಗುಲಾಮರು ದುಡಿಯುವ ತೋಟದ ಕೆಲಸಕ್ಕೆ. ಅದೇ ಬೇಸಿಗೆ ಅವನ ಮೊದಲ ಪುಸ್ತಕ ಬಂದು ಹೆಸರಾಯಿತು, ಹೋಗಲಿಲ್ಲ. ಒಂಬತ್ತು ವರ್ಷದ ಮೇಲೆ ಈ ಹಾಡು ಬರೆದ.

1999ರ ಜುಲೈ 1ರಂದು ನಾಡಿನ ಒಳಗಿನ ವಿಷಯಗಳಿಗೆ ಅಂತ ಮತ್ತೆ ಬಂದ ಸ್ಕಾಟಿಷ್ ಪಾರ್ಲಿಮೆಂಟಿನ ಉದ್ಘಾಟನೆಯಲ್ಲಿ ಜಾನಪದ ಗಾಯಕಿ ಶೀನಾ ವೆಲಿಂಗ್‌ಟನ್ ಇದನ್ನು ಹಾಡಿದರು. ರಾಣಿ ಅಲ್ಲೇ ಕೂತಿದ್ದರು. ಲಾರ್ಡ್ ಅನ್ನಿಸಿಕೊಂಡು ಬೀಗುವವನನ್ನು ಬರ್ನ್ಸ್ ಬೈಯುವ ಚರಣವನ್ನೂ ಬಿಡಲಿಲ್ಲ. ಕೊನೆಯ ಚರಣಕ್ಕೆ ಶಾಸಕರೂ ದನಿಗೂಡಿಸಿದರು. ನನ್ನ ಮಟ್ಟಿಗೆ ಈ ನಾಡು ತನ್ನ ಹಾಡನ್ನು ಅವತ್ತೇ ಆರಿಸಿಕೊಂಡಾಗಿದೆ. ಕಾಗದದಲ್ಲಿ ಬರೆದಿಲ್ಲ, ಅಷ್ಟೇ. ಮೈದಾನದಲ್ಲಿ ಕೂಗಿ ಹಾಡಲು ಅದು ಆಗುವುದಿಲ್ಲ ಅಂತ ನಿನ್ನ ಆಫೀಸಿನವರು ಹೇಳಿಯೇ ಹೇಳುತ್ತಾರೆ. ಪದಗಳು ಜಾಸ್ತಿ, ಭಾಷೆ ಹಳೆಯದು. ಒಪ್ಪುತ್ತೇನೆ. ಕೊನೆಯ ಚರಣ ಒಂದನ್ನೇ ಇಟ್ಟುಕೊಳ್ಳಲಿ, ಸಾಕು. ಮೈದಾನಕ್ಕೆ ‘ಫ್ಲವರ್’ ಇರಲಿ.

ಬೇರೆ ಹೆಸರುಗಳೂ ಬಂದಿರುತ್ತವೆ. ‘ಸ್ಕಾಟ್ಲೆಂಡ್ ದ ಬ್ರೇವ್’ ಪೈಪಿನಲ್ಲಿ ಚೆನ್ನ, ಪದಗಳಲ್ಲಿ ಸಪ್ಪೆ. ‘ಹೈಲ್ಯಾಂಡ್ ಕ್ಯಾಥೀಡ್ರಲ್’ ಧಾಟಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅದನ್ನು 1982ರಲ್ಲಿ ಕಟ್ಟಿದವರು ಇಬ್ಬರು ಜರ್ಮನ್ನರು. ಹೊರಗಿನವರ ಹಾಡನ್ನೂ ತಮ್ಮದು ಮಾಡಿಕೊಳ್ಳುವ ಗುಣ ಇವರಿಗಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ‘ಸ್ಕಾಟ್ಸ್ ವಾ ಹೇ’ ಕೂಡ ಬರ್ನ್ಸ್‌ನದೇ, ಅದೂ ಬ್ಯಾನಕ್‌ಬರ್ನ್.

ಆದರೆ ಒಂದು ಹಾಡಿನ ಬಗ್ಗೆ ನಿನಗೆ ಹೇಳಲೇಬೇಕು. ಸ್ಕಾಟಿಷ್ ಕವಿ ಹ್ಯಾಮಿಷ್ ಹೆಂಡರ್‌ಸನ್ 1960ರಲ್ಲಿ ಗ್ಲಾಸ್ಗೋದ ಶಾಂತಿ ಮೆರವಣಿಗೆಗೆ ಅಂತ ಬರೆದ ‘ಫ್ರೀಡಮ್ ಕಮ್ ಆಲ್ ಯೀ’. ಸ್ಕಾಟಿಷ್ ಹುಡುಗರು ಪೈಪು ಊದಿಕೊಂಡು ಪರದೇಶಗಳಿಗೆ ಯುದ್ಧಕ್ಕೆ ಹೋದರಲ್ಲ, ಇನ್ನು ಹೋಗುವುದು ಬೇಡ, ನಾವು ಹಾಳುಮಾಡಿದ ಊರುಗಳ ಜನ ನಮ್ಮನ್ನು ಶಪಿಸುವುದು ನಿಲ್ಲಲಿ ಅನ್ನುತ್ತದೆ ಆ ಹಾಡು. ನಾನು ಶ್ರೀರಂಗಪಟ್ಟಣದ ಕೋಟೆ ಗೋಡೆ ಹತ್ತಿ ಆಡಿದವಳು. 1799ರ ಮೇ 4ರಂದು ಆ ಗೋಡೆ ಒಡೆದು ನುಗ್ಗಿದ ಸೈನ್ಯವನ್ನು ಮುನ್ನಡೆಸಿದ್ದು ಡೇವಿಡ್ ಬೇರ್ಡ್, ಸ್ಕಾಟ್ಲೆಂಡಿನವನು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅಲ್ಲೇ ಸೆರೆಯಲ್ಲಿದ್ದವನು. ಶಾಲೆಯ ಪ್ರವಾಸದಲ್ಲಿ ಎಲ್ಲರಿಗೂ ತೋರಿಸುವ ಸೆರೆಮನೆಗೆ ಹೆಸರು ಬಂದದ್ದೂ ಬೈಲಿ ಅನ್ನುವ ಇನ್ನೊಬ್ಬ ಸ್ಕಾಟನಿಂದ. ಹೆಂಡರ್‌ಸನ್ ಹಾಡಿನ ಅರ್ಥ ತಿಳಿದ ದಿನ, ಈ ಊರು ನನ್ನ ಊರಿನ ಜೊತೆ ನೇರವಾಗಿ ಮಾತಾಡಿದ ಹಾಗಾಯಿತು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯ ಉದ್ಘಾಟನೆಯಲ್ಲಿ ಅದನ್ನು ದಕ್ಷಿಣ ಆಫ್ರಿಕಾದ ಪುಮೇಜಾ ಮತ್ಶಿಕಿಜಾ ಹಾಡಿದರು. ಟಿವಿ ಮುಂದೆ ಕೂತು ನಾನು ಅತ್ತೆ. ಅದನ್ನು ರಾಷ್ಟ್ರಗೀತೆ ಮಾಡುವುದು ಹೆಂಡರ್‌ಸನ್ನರಿಗೇ ಇಷ್ಟವಿರಲಿಲ್ಲ. ಅವರ ಮಾತಿಗೆ ಬೆಲೆ ಕೊಡೋಣ. ನೀನು ಮಾತ್ರ ಅದನ್ನು ಒಮ್ಮೆ ಪದಗಳ ಸಮೇತ ಕೇಳು.

ಇನ್ನು ನಿನ್ನ ನಿಜವಾದ ಪ್ರಶ್ನೆ. ಹಾಡುವಾಗ ಎದ್ದು ನಿಲ್ಲು, ಅಷ್ಟು ಸಾಕು. ಗೊತ್ತಿಲ್ಲದೆ ಬಾಯಾಡಿಸಬೇಡ, ಕಲಿತ ಮೇಲೆ ಹಾಡು. ಯಾರೂ ನಿನ್ನನ್ನು ವಿಚಿತ್ರವಾಗಿ ನೋಡುವುದಿಲ್ಲ, ಜೊತೆಗೆ ಹಾಡಿದರೆ ಹೆಗಲ ಮೇಲೆ ಕೈ ಹಾಕುತ್ತಾರೆ. ಮನೆಗೆ ಫೋನ್ ಮಾಡಿದಾಗ ನಿಮ್ಮ ಅಮ್ಮ ‘ಮಗ ಇಂಗ್ಲೆಂಡಿನಲ್ಲಿದ್ದಾನೆ’ ಅಂತ ನೆಂಟರಿಗೆ ಹೇಳಿದರೆ ಹೇಳಿಕೊಳ್ಳಲಿ, ನೀನು ಆಫೀಸಿನಲ್ಲಿ ಆ ಮಾತು ಆಡಬೇಡ. ಮತ್ತೆ ಕೇಳಿದಾಗ ನಗಬೇಡ. ನಿಮ್ಮ ನಾಡಗೀತೆ ಯಾವುದು, ಅದರ ಮೊದಲ ಸಾಲು ಏನು ಹೇಳುತ್ತದೆ ಅಂತ ಅವರಿಗೆ ಹೇಳು. ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಬರುವ ಜನವರಿ 25, ಬರ್ನ್ಸ್ ಹುಟ್ಟಿದ ದಿನ, ನಮ್ಮ ಮನೆಗೆ ಬಾ. ಆ ರಾತ್ರಿ ಇಲ್ಲಿ ಹ್ಯಾಗಿಸ್ ಅನ್ನುವ ಮಾಂಸದ ತಿನಿಸು ಮಾಡುತ್ತಾರೆ, ಅದರಲ್ಲಿ ಸಸ್ಯಾಹಾರಿಗಳದೂ ಸಿಗುತ್ತದೆ, ಜೊತೆಗೆ ಮುದ್ದೆ, ಬಸ್ಸಾರು ಮಾಡುತ್ತೇನೆ. ಮಗ ಈಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ, ಆ ರಾತ್ರಿ ಬಂದೇ ಬರುತ್ತಾನೆ. ಆ ‘ಗೌಡ್’ ಸಾಲು ಬಂದಾಗ ಅವನು ಇವತ್ತಿಗೂ ಗೋಡೆ ಮೇಲಿನ ತಾತನ ಫೋಟೊ ಕಡೆ ತಿರುಗಿಯೇ ಹಾಡುತ್ತಾನೆ.

ನಿನ್ನ ಅಕ್ಕ