ಕಟ್ಟು ಹಾಕಿಸಿದ ಚಿತ್ರ ಮತ್ತು ಮನೆಯ ಗೋಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳೆಯ ತೊಟ್ಟಿಮನೆ. ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೋ ಪಡಸಾಲೆಯ ಗೋಡೆಯಲ್ಲಿ ಅರವತ್ತು ವರ್ಷಗಳಿಂದ ಇದೆ. ಈ ಮಳೆಗಾಲದಲ್ಲಿ ಗಾಜಿನ ಒಳಗೆ ಬೂಷ್ಟು ಬಂದಿದೆ, ಒಂದು ಮೂಲೆಯಲ್ಲಿ ಫೋಟೋ ಗಾಜಿಗೆ ಅಂಟಿಕೊಂಡಂತೆ ಕಾಣುತ್ತದೆ. ಮಣ್ಣಿನ ಗೋಡೆಯಾದ್ದರಿಂದ ಮೊಳೆಯೂ ಸಡಿಲವಾಗಿದೆ. ಏನು ಮಾಡಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು, ಅಂಟಿಕೊಂಡ ಮೂಲೆಯನ್ನು ದಯವಿಟ್ಟು ಎಳೆಯಬೇಡಿ. ಆ ಕಾಲದ ಫೋಟೋಗಳ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಟಿನ್ನಿನ ತೆಳುವಾದ ಪದರ. ಥಂಡಿ ಹಿಡಿದಾಗ ಅದು ಮೆತ್ತಗಾಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಗೋಂದಿನಂತೆ ಗಟ್ಟಿಯಾಗುತ್ತದೆ. ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಫೋಟೋ ಒಂದನ್ನು ನಾನು ಹೀಗೆಯೇ ಬಿಡಿಸಲು ಹೋದೆ. ಕಾಗದ ನನ್ನ ಕೈಗೆ ಬಂದಿತು, ಅವರ ಎಡಗೆನ್ನೆ ಗಾಜಿನ ಮೇಲೆಯೇ ಉಳಿಯಿತು. ಆ ಗಾಜನ್ನು ಇಂದಿಗೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆದ್ದರಿಂದ ನೀವು ಗಾಜಿನ ಸಮೇತವೇ ಅದನ್ನು ಇಟ್ಟುಕೊಳ್ಳಿ, ಒಳ್ಳೆಯ ಬೆಳಕಿನಲ್ಲಿ ಗಾಜಿನ ಮೇಲಿನಿಂದಲೇ ಪ್ರತಿ ತೆಗೆಸಿ, ಬಿಡಿಸುವ ಕೆಲಸವನ್ನು ತಿಳಿದವರಿಗೆ ಬಿಡಿ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು.

ಬೂಷ್ಟಿಗೆ ಕಾರಣ ಫೋಟೋ ಅಲ್ಲ, ಗೋಡೆ. ನಿಮ್ಮ ತಾಲ್ಲೂಕಿನಲ್ಲಿಯೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಮುಂಗಾರಿನದು, ಇರಚಲು ಹೊಡೆಯುವುದು ಹೆಚ್ಚಾಗಿ ಪಡುವಣ ದಿಕ್ಕಿನಿಂದ. ಪಡುವಣದ ಹೊರಗೋಡೆಯ ಒಳಮೈಯಲ್ಲಿ ಚಿತ್ರವನ್ನು ಒತ್ತಿ ತೂಗುಹಾಕಿದರೆ ಅದರ ಹಿಂದೆ ಗಾಳಿಯಾಡುವುದಿಲ್ಲ. ಗೋಡೆ ಉಸಿರಾಡಿದ ತೇವವೆಲ್ಲ ಹಿಂಬದಿಯ ಹಲಗೆ ಮತ್ತು ಕಾಗದಕ್ಕೆ ಇಳಿಯುತ್ತದೆ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಹಳೆಯ ಮನೆಗಳಲ್ಲಿ ಪಟಗಳು ಮೇಲ್ಭಾಗದಲ್ಲಿ ಮುಂದಕ್ಕೆ ಬಾಗಿ, ಕೆಳ ಅಂಚು ಮಾತ್ರ ಮರದ ಪಟ್ಟಿಯ ಮೇಲೆ ಕುಳಿತಿರುತ್ತಿದ್ದುದನ್ನು ನೀವು ನೋಡಿರುತ್ತೀರಿ. ಕೆಳಗೆ ನಿಂತವರಿಗೆ ಮುಖ ಕಾಣಲಿ, ಗಾಜಿನ ಮೇಲೆ ಬಾಗಿಲಿನ ಬೆಳಕು ಹೊಳೆಯದಿರಲಿ ಎಂಬುದರ ಜೊತೆಗೆ, ಹಿಂದೆ ಗಾಳಿ ಓಡಾಡಲಿ ಎಂಬ ಪ್ರಯೋಜನವೂ ಆ ಬಾಗಿನಲ್ಲಿತ್ತು.

ಮಳೆ ಬಿಟ್ಟ ಮೇಲೆ, ಒಣ ಹವೆಯ ದಿನವೊಂದರಲ್ಲಿ, ಜಗುಲಿಯ ನೆರಳಿನಲ್ಲಿ ಕುಳಿತು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಟ್ಟಿನ ಹಿಂಬದಿಯನ್ನು ಮಾತ್ರ ಬಿಚ್ಚಿ. ಬಿಸಿಲಿಗೆ ಇಡಬೇಡಿ. ಹಳೆಯ ಕಟ್ಟುಗಳಲ್ಲಿ ಸಾಮಾನ್ಯವಾಗಿ ಹಿಂದೆ ಸಿಗುವುದು ಸುದ್ದಿಪತ್ರಿಕೆ ಮತ್ತು ತೆಳು ಹಲಗೆ. ಎರಡೂ ಕಾಲಕ್ರಮದಲ್ಲಿ ಆಮ್ಲ ಬಿಟ್ಟು ಫೋಟೋವನ್ನು ಕಂದಾಗಿಸುತ್ತವೆ. ಅವುಗಳನ್ನು ತೆಗೆದು ಆಮ್ಲರಹಿತ ಮೌಂಟ್ ಬೋರ್ಡ್ (ಕಟ್ಟು ಹಾಕಲು ಬಳಸುವ ದಪ್ಪ ರಟ್ಟು) ಹಾಕಿಸಿ. ಮುಂದೆ ಯಾವ ಫೋಟೋಗೆ ಕಟ್ಟು ಹಾಕಿಸಿದರೂ ಗಾಜಿಗೂ ಫೋಟೋಗೂ ನಡುವೆ ಮೌಂಟಿನ ದಪ್ಪದಷ್ಟು ಜಾಗ ಬಿಡುವಂತೆ ಅಂಗಡಿಯವರಿಗೆ ಹೇಳಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಸುಮಾರು 8 ಮಿಲಿಮೀಟರ್ ದಪ್ಪದ ಬೆಂಡಿನ (ಕಾರ್ಕ್) ತುಂಡುಗಳನ್ನು ಅಂಟಿಸಿ. ಹವಾಯಿ ಚಪ್ಪಲಿಯ ರಬ್ಬರನ್ನು ಕತ್ತರಿಸಿ ಅಂಟಿಸುವುದುಂಟು, ಆದರೆ ಅದು ಸುಣ್ಣದ ಗೋಡೆಯ ಮೇಲೆ ಕಲೆ ಬಿಡಬಹುದು.

ಮಣ್ಣಿನ ಗೋಡೆಗೆ ಮತ್ತೆ ಮತ್ತೆ ಮೊಳೆ ಹೊಡೆದರೆ ತೂತು ದೊಡ್ಡದಾಗುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ನಿಮ್ಮ ಪಡಸಾಲೆಯಲ್ಲಿ ತೊಲೆ ಇದ್ದೇ ಇರುತ್ತದೆ. ಅದಕ್ಕೆ ಹಿತ್ತಾಳೆಯ ಕೊಕ್ಕೆ ಹಾಕಿ ಎರಡು ಉದ್ದನೆಯ ತಂತಿಗಳಿಂದ ಚಿತ್ರವನ್ನು ಇಳಿಬಿಡಿ. ಭಾರವನ್ನು ಮರ ಹೊರುತ್ತದೆ, ಗೋಡೆ ಒರಗಿಗೆ ಮಾತ್ರ. ಸಾಧ್ಯವಿದ್ದರೆ ಪಡುವಣದ ಗೋಡೆಯನ್ನು ಬಿಟ್ಟು ಎರಡು ಕೋಣೆಗಳ ನಡುವಿನ ಒಳಗೋಡೆಗೆ ಅದನ್ನು ಸ್ಥಳಾಂತರಿಸಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಿದ್ದೇವೆ. ಎರಡು ಅಡಿಗೆ ಮೂರು ಅಡಿಯ ಗಾಜಿನ ಚಿತ್ರವೊಂದನ್ನು ಒಂದು ಇಂಚಿನ ಮೊಳೆಗೆ ತೂಗುಹಾಕಿದ್ದೆವು. ಮೂರನೆಯ ದಿನ ಮೊಳೆಯೊಂದಿಗೆ ಗಾರೆಯೂ ಕಿತ್ತುಬಂದು ಚಿತ್ರ ಬಿದ್ದಿತು. ಅಂಟಿಸುವ ಪಟ್ಟಿಗಳು ಇದನ್ನು ಹೊರುತ್ತವೆಯೇ?

ಉತ್ತರ: ಈ ಅಳತೆಯ ಚಿತ್ರಕ್ಕೆ ಅಂಟುಪಟ್ಟಿ ಬೇಡ. ಲೆಕ್ಕ ನೋಡಿ: 3 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಸುಮಾರು ಏಳೂವರೆ ಕಿಲೋ ತೂಗುತ್ತದೆ. ನಿಮ್ಮ ಚಿತ್ರದ ಗಾಜು ಅಷ್ಟು ದಪ್ಪದ್ದಾಗಿದ್ದರೆ ಅದೊಂದೇ ನಾಲ್ಕು ಕಿಲೋ ದಾಟುತ್ತದೆ, ಚೌಕಟ್ಟು ಮತ್ತು ಹಲಗೆಯ ತೂಕ ಬೇರೆ. ಪಟ್ಟಿಯ ಅಂಟು ಗಟ್ಟಿಯೇ ಇರಬಹುದು, ಆದರೆ ಅದು ಹಿಡಿದಿರುವುದು ಬಣ್ಣವನ್ನು. ಬಣ್ಣ ಹಿಡಿದಿರುವುದು ಪುಟ್ಟಿಯನ್ನು. ಪುಟ್ಟಿ ಸಡಿಲವಾಗಿದ್ದರೆ ಚಿತ್ರದೊಂದಿಗೆ ಬಣ್ಣದ ಹಾಳೆಯೇ ಎದ್ದುಬರುತ್ತದೆ. ಕಾಗದದಷ್ಟು ಹಗುರವಾದ ಚಿಕ್ಕ ಪಟಗಳಿಗೆ ಮಾತ್ರ ನಾನು ಅದನ್ನು ಒಪ್ಪುತ್ತೇನೆ.

ಒಳಗೋಡೆಯ ಗಾರೆ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ದಪ್ಪವಿರುತ್ತದೆ. ಒಂದು ಇಂಚಿನ ಮೊಳೆಯ ಅರ್ಧ ಭಾಗ ಗಾರೆಯಲ್ಲಿಯೇ ಕಳೆದುಹೋಗಿ, ಹೊರಗೆ ಉಳಿಯುವ ತಲೆಯನ್ನೂ ಬಿಟ್ಟರೆ, ಇಟ್ಟಿಗೆಯನ್ನು ಅದು ಮುಟ್ಟಿಯೂ ಮುಟ್ಟದಂತಿರುತ್ತದೆ. 6 ಮಿಲಿಮೀಟರಿನ ತೂತು ಕೊರೆದು, ಅದೇ ಅಳತೆಯ ಪ್ಲಾಸ್ಟಿಕ್ ಗಿಟಕನ್ನು (ವಾಲ್ ಪ್ಲಗ್) ಇಟ್ಟಿಗೆಯ ಒಳಗೆ ಹೋಗುವವರೆಗೆ ತಳ್ಳಿ, 40 ಮಿಲಿಮೀಟರಿನ ತಿರುಪು ಹಾಕಿಸಿ. ಕೊರೆಯುವಾಗ ಬರುವ ಪುಡಿ ಗೋಡೆಯ ಗುಟ್ಟನ್ನು ಹೇಳುತ್ತದೆ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಣ್ಣದ ಒರಟು ಪುಡಿ ಬಂದರೆ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್, ಬಿಳಿ ಪುಡಿ ಸಲೀಸಾಗಿ ಸುರಿಯತೊಡಗಿದರೆ ಹಗುರವಾದ ಗಾಳಿಗುಳ್ಳೆಯ ಬ್ಲಾಕ್. ಆ ಕೊನೆಯದರಲ್ಲಿ ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ ಬರಿಯ ತಿರುಗಿಸುವಿಕೆಯಿಂದಲೇ ಕೊರೆಯಬೇಕು, ಆ ಬ್ಲಾಕಿಗೆಂದೇ ಸಿಗುವ ಉದ್ದನೆಯ ಗಿಟಕನ್ನೇ ಬಳಸಬೇಕು.

ಸ್ವಿಚ್‌ಬೋರ್ಡಿನ ನೇರ ಮೇಲೆ ಅಥವಾ ನೇರ ಕೆಳಗೆ ಎಂದಿಗೂ ಕೊರೆಯಬೇಡಿ, ವಿದ್ಯುತ್ ತಂತಿಯ ಕೊಳವೆ ಬಹುತೇಕ ಆ ಗೆರೆಯಲ್ಲಿಯೇ ಹೋಗಿರುತ್ತದೆ. ಬಚ್ಚಲುಮನೆಯ ಬೆನ್ನಿಗಿರುವ ಗೋಡೆಯಲ್ಲಿ ನೀರಿನ ಕೊಳವೆಯ ಭಯವೂ ಇದೆ.

ತಂತಿಯ ವಿಷಯದಲ್ಲಿ ಬಹಳ ಜನ ತಪ್ಪುವುದರಿಂದ ಇದನ್ನೂ ಹೇಳುತ್ತೇನೆ. ಬಿಗಿಯಾಗಿ ಅಡ್ಡಕ್ಕೆ ಕಟ್ಟಿದ ತಂತಿ ನೋಡಲು ಅಚ್ಚುಕಟ್ಟು, ಆದರೆ ಅದರ ಮೇಲಿನ ಎಳೆತ ಬಹಳ. ಹತ್ತು ಕಿಲೋ ಚಿತ್ರವನ್ನು ಒಂದೇ ಕೊಕ್ಕೆಗೆ ಹಾಕಿ, ತಂತಿ ಅಡ್ಡಗೆರೆಗೆ 45 ಡಿಗ್ರಿ ಓರೆಯಾಗಿ ಏರಿದ್ದರೆ ಒಂದೊಂದು ಬದಿಯ ಮೇಲೆ ಸುಮಾರು ಏಳು ಕಿಲೋ ಎಳೆತ ಬೀಳುತ್ತದೆ. ಓರೆ 15 ಡಿಗ್ರಿಗೆ ಇಳಿದರೆ ಅದು ಹತ್ತೊಂಬತ್ತು ಕಿಲೋ ಆಗುತ್ತದೆ. ಚೌಕಟ್ಟಿನ ಪಕ್ಕದ ಉಂಗುರಗಳು ಕಿತ್ತುಬರುವುದು ಹೀಗೆ. ನಿಮ್ಮ ಚಿತ್ರಕ್ಕೆ ತಂತಿಯೇ ಇಲ್ಲದೆ, ಎರಡು ಉಂಗುರಗಳನ್ನು ಎರಡು ತಿರುಪುಗಳಿಗೆ ನೇರವಾಗಿ ಸಿಕ್ಕಿಸುವುದು ಉತ್ತಮ. ಬಾಗಿಲು ಬಡಿದಾಗಲೆಲ್ಲ ಅದು ಓರೆಯಾಗುವುದೂ ತಪ್ಪುತ್ತದೆ.

ಪ್ರಶ್ನೆ: ಚಿತ್ರವನ್ನು ಎಷ್ಟು ಎತ್ತರದಲ್ಲಿ ಹಾಕಬೇಕು? ಹಿರಿಯರ ಫೋಟೋಗಳನ್ನು ಬಾಗಿಲಿನ ಮೇಲೆಯೇ ಹಾಕಬೇಕೆಂದು ಮನೆಯಲ್ಲಿ ಹೇಳುತ್ತಾರೆ. (ಧಾರವಾಡದಿಂದ)

ಉತ್ತರ: ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ನೋಡಿಕೊಳ್ಳುವುದು ರೂಢಿ. ಕುಳಿತು ನೋಡುವ ಕೋಣೆಯಲ್ಲಿ ಇನ್ನೂ ಸ್ವಲ್ಪ ಇಳಿಸಬಹುದು. ಹಿರಿಯರನ್ನು ತಲೆಯ ಮೇಲೆ ಇರಿಸುವುದರಲ್ಲಿ ಗೌರವವಿದೆ ಎಂಬುದನ್ನು ನಾನು ಬಲ್ಲೆ. ಆದರೆ ಅಂಗೈಯಗಲದ ಫೋಟೋವನ್ನು ಏಳಡಿ ಎತ್ತರಕ್ಕೆ ಏರಿಸಿದರೆ ಮೊಮ್ಮಕ್ಕಳಿಗೆ ಆ ಮುಖವೇ ಪರಿಚಯವಾಗುವುದಿಲ್ಲ. ದೊಡ್ಡ ಪಟವನ್ನು ಬಾಗಿಲಿನ ಮೇಲೆ ಬಾಗಿಸಿ ಹಾಕಿ, ಚಿಕ್ಕದನ್ನು ಕಣ್ಣಿನ ಮಟ್ಟಕ್ಕೆ ಇಳಿಸಿ. ತೂತು ಕೊರೆಯುವ ಮೊದಲು ಅದೇ ಅಳತೆಯ ಹಳೆಯ ಸುದ್ದಿಪತ್ರಿಕೆಯನ್ನು ಗೋಡೆಗೆ ಅಂಟಿಸಿ ಎರಡು ದಿನ ನೋಡಿದರೆ ಮನೆಯವರೆಲ್ಲರ ಒಪ್ಪಿಗೆಯೂ ಸಿಗುತ್ತದೆ.

ಪ್ರಶ್ನೆ: ಮೈಸೂರು ಶೈಲಿಯ ಲಕ್ಷ್ಮಿಯ ಚಿತ್ರವೊಂದು ನಮ್ಮಲ್ಲಿದೆ. ಪಡುವಣದ ಕಿಟಕಿಯ ಎದುರಿನ ಗೋಡೆಯಲ್ಲಿ ಹಾಕಿ ದಿನವೂ ಹೂವಿನ ಮಾಲೆ ಹಾಕುತ್ತೇವೆ. ಸರಿಯೇ?

ಉತ್ತರ: ಜಾಗವನ್ನು ಬದಲಿಸಿ. ಚಿನ್ನದ ರೇಕು ಬಿಸಿಲಿಗೆ ಮಾಸುವುದಿಲ್ಲ, ಆದರೆ ಸುತ್ತಲಿನ ಬಣ್ಣಗಳು ಮಾಸುತ್ತವೆ. ರೇಕಿನ ಕೆಳಗೆ ಉಬ್ಬಿಸಿದ ಗೆಸ್ಸೋ (ಪುಡಿ ಮತ್ತು ಗೋಂದು ಕಲಸಿದ ಲೇಪ) ಕೆಲಸವು ಬಿಸಿಲಿನ ಕಾವಿಗೆ ಮತ್ತು ಮಳೆಗಾಲದ ಥಂಡಿಗೆ ಒಂದಾದ ಮೇಲೊಂದರಂತೆ ಸಿಕ್ಕರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಮುಂದೆ ಅಲ್ಲಿಂದಲೇ ಚಿನ್ನ ಉದುರುತ್ತದೆ. ನೇರ ಬಿಸಿಲು ಬೀಳದ ಒಳಗೋಡೆ ಇದಕ್ಕೆ ತಕ್ಕದ್ದು.

ಮಾಲೆ ಹಾಕುವುದನ್ನು ಬಿಡಿ ಎಂದು ನಾನು ಹೇಳಲಾರೆ. ಒದ್ದೆ ಹೂವಿನ ನೀರು ಗಾಜಿನ ಮೇಲೆ ಇಳಿದು ಕೆಳಗಿನ ಚೌಕಟ್ಟಿನ ಸಂದಿಯಲ್ಲಿ ನಿಂತು ಒಳಗೆ ಜಿನುಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಚೌಕಟ್ಟಿಗಿಂತ ಒಂದು ಗೇಣು ಅಗಲಕ್ಕೆ ಗೋಡೆಯಲ್ಲಿಯೇ ಬೇರೆ ಎರಡು ಕೊಕ್ಕೆಗಳನ್ನು ಹಾಕಿಸಿ, ನೀರು ಝಾಡಿಸಿದ ಮಾಲೆಯನ್ನು ಅವುಗಳಿಗೆ ತೂಗುಹಾಕಿ, ಸಂಜೆ ತೆಗೆದುಬಿಡಿ. ದೀಪವನ್ನು ಚಿತ್ರದ ನೇರ ಕೆಳಗೆ ಇಡದೆ ಎರಡು ಅಡಿ ಮುಂದಕ್ಕೆ ಇಡಿ. ಗಾಜು ಒರೆಸುವಾಗ ದ್ರಾವಣವನ್ನು ಗಾಜಿನ ಮೇಲೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು, ಅಂಚಿನಿಂದ ಒಂದು ಬೆರಳಗಲ ಬಿಟ್ಟು ಒರೆಸಿ.