ಮೆತ್ತಗಾದ ಚಕ್ಕುಲಿಗೆ ‘ಸಾಗಿ’ ಸರಿಹೋಗಲ್ಲ

ಡಬ್ಬದಲ್ಲಿಟ್ಟ ಚಕ್ಕುಲಿ ಮೆತ್ತಗಾಗಿದೆ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ಸಾಗಿ’ (soggy) ಅನ್ನಬಹುದಾ ಅಂತ ಕೇಳಿದ್ದೀರಿ. ಬೇಡ. ಆ ಪದ ನೀರು ಹೀರಿ ಒದ್ದೆಯಾದದ್ದಕ್ಕೆ. ಚಹಾದಲ್ಲಿ ಜಾಸ್ತಿ ಹೊತ್ತು ಅದ್ದಿದ ಬಿಸ್ಕತ್ತು, ಪಾನಿ ತುಂಬಿ ಹಾಗೇ ಬಿಟ್ಟ ಪೂರಿ, ಇಂಥವಕ್ಕೆ ಸರಿ. ನಿಮ್ಮ ಚಕ್ಕುಲಿ ಮಳೆಗಾಲದ ಗಾಳಿಗೆ ಮೆತ್ತಗಾಗಿದ್ದು, ಅಲ್ವಾ? ‘ದೆ ಹ್ಯಾವ್ ಗಾನ್ ಸಾಫ್ಟ್’ ಅನ್ನಿ, ಸಾಕು. ‘ಸ್ಟೇಲ್’ ಅಂದರೂ ನಡೆಯುತ್ತದೆ, ಆದರೆ ಅದರಲ್ಲಿ ಹಳಸಲು ಅನ್ನೋ ದೂರು ಸೇರಿಕೊಳ್ಳುತ್ತದೆ, ನೆಂಟರ ಮನೆಯಲ್ಲಿ ಹೇಳಬೇಡಿ.

ಕಷ್ಟ ಇರೋದು ನಮ್ಮ ‘ಗರಿಗರಿ’ಯಲ್ಲಿ. ಹಪ್ಪಳ, ಪೇಪರ್ ದೋಸೆಯ ಹಾಗೆ ತೆಳ್ಳಗಿದ್ದು ಹಲ್ಲು ತಾಗಿದ ಕೂಡಲೇ ಮುರಿದರೆ ‘ಕ್ರಿಸ್ಪಿ’. ಸ್ವಲ್ಪ ಗಟ್ಟಿಯಾಗಿದ್ದು ಅಗಿದಷ್ಟೂ ಕುರುಂ ಕುರುಂ ಅಂತ ಸದ್ದು ಬರುತ್ತಲೇ ಇದ್ದರೆ ‘ಕ್ರಂಚಿ’. ಹುರಿದ ಶೇಂಗಾ, ಅಷ್ಟೇ ಯಾಕೆ, ರಸ ಇರೋ ಹಸಿ ಕ್ಯಾರೆಟ್ ಕೂಡ ಕ್ರಂಚಿಯೇ. ಚೆನ್ನಾಗಿ ಬಂದ ಚಕ್ಕುಲಿಗೂ ನಾನು ಇದನ್ನೇ ಬಳಸುತ್ತೇನೆ. ಸುಮ್ನೆ ‘ಹಾರ್ಡ್’ ಅಂದುಬಿಟ್ಟರೆ ಮಾಡಿದವರಿಗೆ ಹಲ್ಲು ಮುರಿಯೋ ಹಾಗಿದೆ ಅಂತ ಕೇಳಿಸುತ್ತದೆ.